ಕಣ್ಣಿನ ಮಗು, ಕಿವಿಯ ಮಗು: ಒಂದು ನಂಬಿಕೆಯ ಇತಿಹಾಸ



ಜತ್ತ ಸೀಮೆಯ ಕನ್ನಡ ಶಾಲೆಯ ನಮಗೆ ತರಬೇತಿಗಳೆಲ್ಲ ಬಹುತೇಕ ಮರಾಠಿಯಲ್ಲೇ. ಅಂಥ ಒಂದು ತರಬೇತಿಯಿಂದ ಬಂದ ಮೇಲೆ ನಾವು ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗನ ಹೆಸರಿನ ಮುಂದೆ 'ಕೇಳಿ ಕಲಿಯುವವನು' ಅಂತ ಬರೆದುಕೊಂಡೆವು. ಮೂರನೆಯ ಇಯತ್ತೆಯ ಹುಡುಗ. ಮನೆಮಾತು ಮರಾಠಿ. ಕಥೆ ಹೇಳಿದರೆ ಬಾಯಿ ಬಿಟ್ಟು ಕೇಳುತ್ತಿದ್ದ, ಪುಸ್ತಕ ಕೊಟ್ಟರೆ ತಲೆ ತಗ್ಗಿಸುತ್ತಿದ್ದ. ಸರಿ, ಅವನ ಶೈಲಿಯೇ ಅದು ಅಂದುಕೊಂಡು ಓದಿಸುವುದನ್ನು ಕಡಿಮೆ ಮಾಡಿದೆವು. ಐದನೆಯ ಇಯತ್ತೆಗೆ ಬಂದಾಗಲೂ ಅವನಿಗೆ ಒತ್ತಕ್ಷರ ಬರುತ್ತಿರಲಿಲ್ಲ!

ಈ ನಂಬಿಕೆ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆವು.

1946ರಲ್ಲಿ ಅಮೆರಿಕದ ಎಡ್ಗರ್ ಡೇಲ್ ಎಂಬ ಪ್ರಾಧ್ಯಾಪಕರು 'ಅನುಭವದ ಶಂಕು' ಎಂಬ ಚಿತ್ರ ಬರೆದರು. ಅದರಲ್ಲಿ ಒಂದೂ ಅಂಕಿ ಇರಲಿಲ್ಲ. 'ಓದಿದ್ದು ಶೇ. 10 ನೆನಪಿರುತ್ತದೆ, ಮಾಡಿದ್ದು ಶೇ. 90' ಎಂಬ ಲೆಕ್ಕವನ್ನು ನಂತರ ಬೇರೆಯವರು ಅಂಟಿಸಿದರು. 1983ರಲ್ಲಿ ಹೊವಾರ್ಡ್ ಗಾರ್ಡನರ್ ಬಹುವಿಧ ಬುದ್ಧಿಮತ್ತೆಯ ಸಿದ್ಧಾಂತ ಮಂಡಿಸಿದರು. ಜನ ಅದನ್ನೂ ಕಲಿಕೆಯ ಶೈಲಿ ಅಂದುಕೊಂಡರು. ಎರಡೂ ಒಂದೇ ಅಲ್ಲ ಅಂತ ಅವರೇ 2013ರಲ್ಲಿ ಬರೆಯಬೇಕಾಯಿತು. 1987ರಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 'ವಾರ್ಕ್' ಪ್ರಶ್ನಾವಳಿ ರೂಪಿಸಿದರು. ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವವರು ಅಂತ ನಾಲ್ಕು ಗುಂಪು. ನಮ್ಮ ತರಬೇತಿಗೆ ಬಂದದ್ದು ಇದರದೇ ನೆರಳು.

ಇಂಥ ಮಾದರಿಗಳು ಎಷ್ಟಿರಬಹುದು? 2004ರಲ್ಲಿ ಬ್ರಿಟನ್ನಿನ ಫ್ರಾಂಕ್ ಕಾಫೀಲ್ಡ್ ಮತ್ತು ಸಂಗಡಿಗರು ಎಣಿಸಿದಾಗ 71 ಸಿಕ್ಕವು!

2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ನೇರ ಪ್ರಶ್ನೆ ಕೇಳಿದರು. 'ಕಣ್ಣಿನ' ಮಕ್ಕಳು, 'ಕಿವಿಯ' ಮಕ್ಕಳು ಅಂತ ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ ಅರ್ಧ ಮಕ್ಕಳಿಗೆ ತೋರಿಸಿ, ಅರ್ಧ ಮಕ್ಕಳಿಗೆ ಹೇಳಿ ಕಲಿಸಿ. ಎಲ್ಲರಿಗೂ ಒಂದೇ ಪರೀಕ್ಷೆ ಕೊಡಿ. ಕಣ್ಣಿನವರು ನೋಡಿದಾಗ, ಕಿವಿಯವರು ಕೇಳಿದಾಗ ಹೆಚ್ಚು ಕಲಿತರೆ ಮಾತ್ರ ಮಾತು ನಿಜ. ಹೀಗೆ ಪರೀಕ್ಷಿಸಿದ ಅಧ್ಯಯನಗಳೇ ಅಪರೂಪವಾಗಿದ್ದವು. ಇದ್ದವುಗಳಲ್ಲಿ ಕೆಲವು ಈ ನಂಬಿಕೆಗೆ ವಿರುದ್ಧವೇ ಇದ್ದವು.

ಆದರೂ ನಂಬಿಕೆ ಹೋಗಲಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬ್ರಿಟನ್ನಿನ ಶೇ. 93, ನೆದರ್ಲೆಂಡ್ಸಿನ ಶೇ. 96 ಶಿಕ್ಷಕರು ಇದನ್ನು ಒಪ್ಪಿದ್ದರು. ಯಾಕೆಂದರೆ ಮಕ್ಕಳಲ್ಲಿ ವ್ಯತ್ಯಾಸ ಇರುವುದು ನಿಜವೇ. ಒಬ್ಬನಿಗೆ ಹಿಂದಿನ ಪಾಠ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಒಬ್ಬಳಿಗೆ ಮನೆಯಲ್ಲಿ ಕನ್ನಡ, ಇನ್ನೊಬ್ಬಳಿಗೆ ಇಲ್ಲ. ಮತ್ತೊಬ್ಬಳಿಗೆ ಕರಿಹಲಗೆಯೇ ಕಾಣುವುದಿಲ್ಲ, ಅವಳಿಗೆ ಬೇಕಾದದ್ದು ಕನ್ನಡಕ. ಇವು ಶೈಲಿಗಳಲ್ಲ.

ಹಾಗಾದರೆ ಚಿತ್ರ, ಹಾಡು, ಚಟುವಟಿಕೆ ಬೇಡವೇ? ಖಂಡಿತ ಬೇಕು, ಎಲ್ಲ ಮಕ್ಕಳಿಗೂ ಬೇಕು. ನಕಾಶೆಯನ್ನು ನೋಡಿಯೇ ಕಲಿಯಬೇಕು, ಪದ್ಯವನ್ನು ಕೇಳಿಯೇ ಸವಿಯಬೇಕು. ಅದನ್ನು ನಿರ್ಧರಿಸುವುದು ಪಾಠದ ವಿಷಯ, ಮಗುವಿನ ಹಣೆಪಟ್ಟಿ ಅಲ್ಲ.

ನಮ್ಮ ಹುಡುಗನಿಗೆ ಶೈಲಿ ಇರಲಿಲ್ಲ, ಅಭ್ಯಾಸ ಇರಲಿಲ್ಲ. ಆ ವರ್ಷ ದಿನಾಲೂ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಕೂಡಿಸಿಕೊಂಡು ಓದಿಸಿದೆವು. ದೀಪಾವಳಿ ರಜೆ ಮುಗಿದ ಮೇಲೆ 'ಅಜ್ಜಿ', 'ಹಕ್ಕಿ' ಬಂದವು. ಬೇಸಿಗೆಯ ಹೊತ್ತಿಗೆ ಪೂರ್ತಿ ಪುಟ ಓದಿದ. ಗಡಿಯಾಚೆ ಕನ್ನಡ ಓದಬಲ್ಲ ಒಂದೊಂದು ಮಗುವೂ ನಮಗೆ ಮುಖ್ಯ. ಅವನು ಕಳೆದುಕೊಂಡ ಎರಡು ವರ್ಷಗಳ ಲೆಕ್ಕ ಮಾತ್ರ ನಮ್ಮ ಮೇಲೇ ಇದೆ.

ನಿಮ್ಮ ಹಾಜರಿ ಪುಸ್ತಕದಲ್ಲೂ ಅಂಥ ಟಿಪ್ಪಣಿ ಇದ್ದರೆ ದಯವಿಟ್ಟು ಇಂದೇ ಅಳಿಸಿಬಿಡಿ.