ಗರ್ಭಾವಸ್ಥೆಯಲ್ಲಿ ಭಾರ ಎತ್ತುವಿಕೆ

ಆರೋಗ್ಯವಂತ ಗರ್ಭಿಣಿ ಬಗ್ಗುವುದರಿಂದ ಮಗುವಿಗೆ ಪೆಟ್ಟಾಗುವುದಿಲ್ಲ. ಗರ್ಭಕೋಶ ಮತ್ತು ಗರ್ಭಜಲ ಅದನ್ನು ಕಾಯುತ್ತವೆ. ತೊಂದರೆ ಹೆಚ್ಚಾಗಿ ತಾಯಿಯ ಸೊಂಟಕ್ಕೆ. ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳಿಂದ ಕೀಲುಗಳ ಬಿಗಿ ಸಡಿಲಗೊಳ್ಳುತ್ತದೆ, ಹೊಟ್ಟೆ ಬೆಳೆದಂತೆ ದೇಹದ ಭಾರ ಮುಂದಕ್ಕೆ ವಾಲಿ ಆಯ ತಪ್ಪುವ ಸಂಭವ ಹೆಚ್ಚುತ್ತದೆ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸೂತ್ರ ಆಧರಿಸಿ 2013ರಲ್ಲಿ ಪ್ರಕಟವಾದ ಮಿತಿಗಳ ಪ್ರಕಾರ, ತೊಡಕಿಲ್ಲದ ಗರ್ಭಾವಸ್ಥೆಯಲ್ಲಿ ಅಪರೂಪಕ್ಕೊಮ್ಮೆ, ಮೈಗೆ ಹತ್ತಿರ ಹಿಡಿದು ಎತ್ತುವುದಾದರೆ 20 ವಾರಗಳವರೆಗೆ ಸುಮಾರು 16 ಕೆ.ಜಿ., ಆಮೇಲೆ 12 ಕೆ.ಜಿ. ಗಂಟೆಗಟ್ಟಲೆ ಪದೇ ಪದೇ ಎತ್ತುವವರಿಗೆ ಇದು ಕ್ರಮವಾಗಿ 8 ಮತ್ತು 6 ಕೆ.ಜಿ.ಗೆ ಇಳಿಯುತ್ತದೆ. ನೆಲದಿಂದ ಎತ್ತುವುದು, ತಲೆಗಿಂತ ಮೇಲೆ ಎತ್ತುವುದು ಎರಡೂ ಸಲ್ಲ. 15 ಲೀಟರ್ ತುಂಬಿದ ಬಿಂದಿಗೆಯಲ್ಲಿ ನೀರೇ 15 ಕೆ.ಜಿ.; ಬೋರ್‌ವೆಲ್‌ನಿಂದ ದಿನಕ್ಕೆ ಹಲವು ಸಲ ಹೊರುವ ಬಸುರಿಗೆ ಈ ಮಿತಿ ಕಾಗದದ ಮೇಲಷ್ಟೇ.

ಎತ್ತಲೇಬೇಕಾದರೆ ಪಾದಗಳನ್ನು ಅಗಲಿಸಿ, ಸೊಂಟ ಬಗ್ಗಿಸದೆ ಮಂಡಿ ಮಡಚಿ, ಉಸಿರು ಬಿಗಿಹಿಡಿಯದೆ ಎತ್ತಬೇಕು. ಭಾರ ಹಿಡಿದು ಮೈ ತಿರುಚಬಾರದು. ಅವಧಿಪೂರ್ವ ಹೆರಿಗೆಯ ಅಪಾಯವಿದ್ದವರು, ಮಾಸು ಕೆಳಗಿರುವವರು ವೈದ್ಯರನ್ನು ಕೇಳದೆ ಭಾರ ಎತ್ತಬಾರದು. ರಕ್ತಸ್ರಾವ, ನೀರು ಹೋಗುವುದು, ಬಿಟ್ಟುಬಿಟ್ಟು ಹೊಟ್ಟೆನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.