ಮರೆಯ ಹೆಸರು

೧೭೯೪ರಲ್ಲಿ ಪ್ಯಾರಿಸಿನಲ್ಲಿ ಎಕೋಲ್ ಪಾಲಿಟೆಕ್ನಿಕ್ ಎಂಬ ಉಚ್ಚ ವಿದ್ಯಾಶಾಲೆ ಸ್ಥಾಪನೆಯಾದಾಗ ಸೋಫಿ ಜೆರ್ಮೇನಳಿಗೆ ಹದಿನೆಂಟು ವರ್ಷ. ಗಣಿತವೆಂದರೆ ಆಕೆಗೆ ಪ್ರಾಣ. ಆದರೆ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಉಪನ್ಯಾಸಗಳ ಟಿಪ್ಪಣಿಗಳನ್ನು ಸಂಪಾದಿಸಿ ಓದಿದಳು. ಲೆಬ್ಲಾನ್ ಎಂಬ ವಿದ್ಯಾರ್ಥಿಯ ಹೆಸರಿಟ್ಟು ತನ್ನ ಬರಹವನ್ನು ಪ್ರಾಧ್ಯಾಪಕ ಲಗ್ರಾಂಜನಿಗೆ ಕಳುಹಿಸಿದಳು. ಅದರ ಪ್ರೌಢಿಮೆಯನ್ನು ಮೆಚ್ಚಿದ ಆತ, ಬರೆದವರು ಯಾರೆಂದು ತಿಳಿದ ಮೇಲೂ ಆಕೆಯನ್ನು ಪ್ರೋತ್ಸಾಹಿಸಿದನು.

೧೮೦೪ರಲ್ಲಿ ಜರ್ಮನಿಯ ಗಣಿತಜ್ಞ ಗೌಸನಿಗೂ ಆಕೆ ಅದೇ ಹೆಸರಿನಿಂದ ಬರೆದಳು. ೧೮೦೬ರಲ್ಲಿ ಫ್ರೆಂಚ್ ಸೈನ್ಯ ಆತನ ಊರನ್ನು ಹಿಡಿದಾಗ, ಆತನ ಪ್ರಾಣಕ್ಕೆ ಅಂಜಿ, ಪರಿಚಯದ ಸೇನಾಪತಿಯೊಬ್ಬನಿಗೆ ರಕ್ಷಣೆಗಾಗಿ ಮೊರೆಯಿಟ್ಟಳು. ಗುಟ್ಟು ರಟ್ಟಾದುದು ಹಾಗೆ. ೧೮೦೭ರ ಪತ್ರದಲ್ಲಿ ಗೌಸ್ ಅಚ್ಚರಿಪಟ್ಟನು. ಹೆಂಗಸರಿಗೆ ಲೋಕವೊಡ್ಡಿದ ಅಡ್ಡಿಗಳನ್ನು ದಾಟಿ ಬಂದವಳ ಪ್ರತಿಭೆ ಅಸಾಧಾರಣವೆಂದು ಕೊಂಡಾಡಿದನು.

೧೮೧೬ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಆಕೆಗೆ ಸ್ವಂತ ಹೆಸರಿನಲ್ಲಿಯೇ ಬಂದಿತು. ಆದರೂ ೧೮೩೧ರಲ್ಲಿ ತೀರಿಕೊಳ್ಳುವವರೆಗೆ ಯಾವ ಪದವಿಯೂ ದೊರೆಯಲಿಲ್ಲ.

ಮರೆಯ ಹೆಸರಿನಿಂದ ಯೋಗ್ಯತೆ ಹುಟ್ಟಲಿಲ್ಲ. ಇದ್ದ ಯೋಗ್ಯತೆಯನ್ನು ಹಿರಿಯರು ಕಣ್ಣೆತ್ತಿ ನೋಡುವಂತಾಯಿತು, ಅಷ್ಟೆ. ಓಲೆಯನ್ನು ಓದಿಸಿದ ಆ ಹೆಸರಿಗೆ ಶಾಲೆಯ ಬಾಗಿಲನ್ನು ತೆರೆಯಿಸುವ ಶಕ್ತಿ ಇರಲಿಲ್ಲ. ಎಕೋಲ್ ಪಾಲಿಟೆಕ್ನಿಕ್ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು ೧೯೭೨ರಲ್ಲಿ.