ಕೆಮ್ಮಿಗೋ, ಜಾತ್ರಿಗೋ?

ನಮ್ಮೂರು ಚಿಕ್ಕೋಡಿ ತಾಲ್ಲೂಕಿನ ಹಳ್ಳಿ. ನಾನು ಚಿಕ್ಕವನಿದ್ದಾಗ ಅಪ್ಪನ ಬೆನ್ನುಹತ್ತಿ ನಿಪ್ಪಾಣಿ ಸಂತೆಗೆ ಹೊರಟಾಗ ಆಯಿ ಬಾಗಿಲಿಗೆ ಬಂದು, “ಕೆಮ್ಮಿಗೆ ಒಂದೀಟು ಮದ್ದ ತಗೊಂಡ ಬಾರೋ ತಮ್ಮಾ” ಅಂದಳು. ಪೇಟೆಯಲ್ಲಿ ಮಾತೆಲ್ಲ ಮರಾಠಿ. ಮದ್ದಿಗೆ ಮರಾಠಿ ಮಾತು ನನಗೆ ಗೊತ್ತಿತ್ತು. ನಮ್ಮ ಜಾತ್ರೆಗೆ ಮದ್ದು ಸುಡಲು ಬರುತ್ತಿದ್ದವರು ಅದನ್ನು ದಾರೂ ಅನ್ನುತ್ತಿದ್ದರಲ್ಲ! ಅಜ್ಜಿಗೆ ಮದ್ದು ಕೊಡಿ ಅನ್ನಲು ಧೈರ್ಯವಾಗಿ, “ಆಜೀಸಾಠೀ ದಾರೂ ದ್ಯಾ” ಅಂದೆ. ಅಂಗಡಿಯ ಕಾಕಾ ಕನ್ನಡಕ್ಕೆ ಹೊರಳಿದರು: “ಯಾತಕ್ಕೋ? ಕೆಮ್ಮಿಗೋ, ಜಾತ್ರಿಗೋ, ಕುಡಿಯಾಕೋ?” ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ ಅಪ್ಪ ಸುಣ್ಣ ಚೆಲ್ಲುವಷ್ಟು ನಕ್ಕ. ಔಷಧ ಎಂದಿದ್ದರೆ ಎರಡೂ ಭಾಷೆಗೆ ಸಾಕಾಗುತ್ತಿತ್ತು.

ಮುಂದೆ ಮೇಷ್ಟ್ರಾದ ಮೇಲೆ ತಿಳಿಯಿತು, ನನ್ನ ತಪ್ಪು ಅಷ್ಟೇನೂ ತಪ್ಪಲ್ಲ. ಪಾರಸಿಯಲ್ಲಿ ದಾರೂ ಎಂದರೆ ಔಷಧವೇ. ಇರಾನಿನಲ್ಲಿ ಇಂದಿಗೂ ದಾರೂಖಾನೆ ಎಂದರೆ ಔಷಧದ ಅಂಗಡಿ. ಮರಾಠಿಯಲ್ಲಿ ಅದೇ ಮಾತು ಮದ್ದುಗುಂಡಿನ ಉಗ್ರಾಣ. ತಮಿಳಿನ ಮರುಂದು, ತೆಲುಗಿನ ಮಂದು ಕೂಡ ನಮ್ಮ ಮದ್ದಿನ ಹಾಗೆ ಎರಡು ಮನೆಯ ಮಕ್ಕಳು. ಚೀನೀ ಭಾಷೆಯಲ್ಲಂತೂ ಸಿಡಿಮದ್ದಿನ ಹೆಸರೇ ‘ಬೆಂಕಿಯ ಔಷಧ’. ಸಾವಿಲ್ಲದ ರಸಾಯನ ಹುಡುಕಿದ ಅಲ್ಲಿನ ರಸವಾದಿಗಳಿಗೆ ಸಾವಿನ ಪುಡಿ ಸಿಕ್ಕಿತು. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಅದೇ ಗಂಧಕವನ್ನು ಆಯಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ನಮ್ಮ ಕಜ್ಜಿಗೆ ಹಚ್ಚುತ್ತಿದ್ದಳು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನು ಕಂಡಾಗ ನನಗೆ ನೆನಪಾದದ್ದು ಅವಳ ಕಲ್ಲು, ಅವಳ ಕೈ.

ನಮ್ಮ ಸೀಮೆಗೆ ಮದ್ದಿನ ವಾಸನೆ ಹೊಸದಲ್ಲ. ನಿಪ್ಪಾಣಿಯಿಂದ ಕೊಲ್ಲಾಪುರ ದಾಟಿದರೆ ಪನ್ಹಾಳಗಡ. 1660ರಲ್ಲಿ ಬಿಜಾಪುರದ ಸರದಾರ ಸಿದ್ದಿ ಜೌಹರ್ ಅಲ್ಲಿ ಶಿವಾಜಿಯನ್ನು ಮುತ್ತಿದ್ದ. ಸಿದ್ದಿಯ ನೆರವಿಗೆ ರಾಜಾಪುರದ ಇಂಗ್ಲಿಷ್ ವ್ಯಾಪಾರಿಗಳು ತೋಪು, ಗುಂಡು ಹೊತ್ತು ತಂದದ್ದಲ್ಲದೆ, ತಮ್ಮ ಬಾವುಟ ಏರಿಸಿ ತಾವೇ ಹಾರಿಸಿದರು. ಶಿವಾಜಿ ಮಳೆಗಾಲದ ರಾತ್ರಿ ತಪ್ಪಿಸಿಕೊಂಡ. ಮರುವರ್ಷವೇ ರಾಜಾಪುರದ ಕೋಠಿ ಲೂಟಿಯಾಯಿತು, ವ್ಯಾಪಾರಿಗಳು ಸೆರೆಯಾದರು. ಗುಂಡು ಮಾರುವವನಿಗೂ ಗುಂಡು ಹಾರಿಸುವವನಿಗೂ ನಡುವಿನ ಗೆರೆಯನ್ನು ಅವರೇ ಅಳಿಸಿಕೊಂಡಿದ್ದರು.

ಇಷ್ಟಾದರೂ ನಮ್ಮ ಮಾತಿನ ಜಗಳ ಇನ್ನೂ ಬಿಲ್ಲುಬಾಣದ ಕಾಲದ್ದು. ವಾದದಲ್ಲಿ ಸೋತವನ ಬತ್ತಳಿಕೆ ಬರಿದಾಯಿತು ಅನ್ನುತ್ತೇವೆ, ಮದ್ದು ತೀರಿತು ಅನ್ನುವುದಿಲ್ಲ. ರಾಜಕಾರಣಿ ಬಿಡುವುದೂ ಬ್ರಹ್ಮಾಸ್ತ್ರವನ್ನೇ. ಬಂದೂಕು ಬೇರೆ ದಾರಿಯಿಂದ ಬಾಯಿಗೆ ಬಂತು: ಕುಡಿದರೆ ಗುಂಡು, ತಿಂದರೆ ಬಾರ್. ಬಂದೂಕಿಗೆ ಮದ್ದು ತುಂಬುವುದನ್ನು ಬಾರ್ ಎನ್ನುವ ಮರಾಠಿ ಮಂದಿ, ಸುಣ್ಣ ತಿಕ್ಕಿದ ತಂಬಾಕನ್ನು ದವಡೆಗೆ ಒತ್ತಿದರೂ ‘ಬಾರ್ ಭರಲಾ’ ಅನ್ನುತ್ತಾರೆ. ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ ಅಪ್ಪನೂ ಅದನ್ನೇ ಕಲಿತಿದ್ದ.

1981ರಲ್ಲಿ ಆ ತಂಬಾಕಿಗೆ ತಕ್ಕ ಬೆಲೆ ಕೇಳಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕೂತರು. ಮುಂದಾಳು ಶರದ್ ಜೋಶಿ. ಎತ್ತಿನ ಗಾಡಿ, ರೊಟ್ಟಿ ಬುತ್ತಿ, ಘೋಷಣೆ: ಅವರ ಬಳಿ ಇದ್ದ ಮದ್ದುಗುಂಡು ಇಷ್ಟೇ. ವಾರಗಟ್ಟಲೆ ಕದಲಲಿಲ್ಲ. ಏಪ್ರಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ರೈತರು ಸತ್ತರು. ಗೋಳಿಬಾರ್ ಎಂಬ ಮಾತು ಮನೆಮನೆಗೆ ಬಂತು.

ಸುದ್ದಿ ಬಂದಾಗ ಅಪ್ಪ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಿದ್ದ. ಹೆಬ್ಬೆರಳು ನಿಂತಿತು. ಬಾರ್ ಅಂಗೈಯಲ್ಲೇ ಉಳಿಯಿತು. ಬಹಳ ಹೊತ್ತಿನ ಮೇಲೆ ಎದ್ದು, ಅದನ್ನು ಬೇಲಿಯಾಚೆ ಕೊಡವಿ, ಕೈ ತೊಳೆದುಕೊಂಡ.